ನೆಲಕಚ್ಚಿದ ಹಿಮ

ಮೊದಲ ಸಲ ಕಂಡಾಗ ನಾನು ಅದನ್ನು ಒರೆಸಲು ಹೋಗಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಅಂಟಾರ್ಕ್ಟಿಕದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದು ಕೂತಿದ್ದೆ. ಜೊತೆಗೆ ಕೊಟ್ಟಿದ್ದ ಉಪಗ್ರಹ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿಕೊಂಡಿದ್ದೆ. ಎಲ್ಲೆಲ್ಲೂ ಬಿಳಿ. ಕಣ್ಣು ಹೊಂದಿಕೊಂಡ ಮೇಲೆ ಆ ಬಿಳಿಯೊಳಗೇ ನವಿರಾದ ಗೆರೆಗಳು ಕಾಣತೊಡಗಿದವು, ಬಾಚಿದ ಕೂದಲಿನ ಹಾಗೆ ಎಲ್ಲವೂ ಕಡಲಿನ ಕಡೆಗೆ ಮುಖ ಮಾಡಿದ್ದವು. ಅವುಗಳ ನಡುವೆ ಒಂದು ಕಡೆ ಗೆರೆಯೇ ಇಲ್ಲದ, ನುಣುಪಾದ, ಮೊಟ್ಟೆಯಾಕಾರದ ಮಚ್ಚೆ. ಪರದೆಗೆ ಕೈ ತಾಗಿ ಆದ ಕಲೆ ಅಂದುಕೊಂಡು ಸೆರಗಿನ ಅಂಚಿನಿಂದ ಎರಡು ಸಲ ತಿಕ್ಕಿದೆ. ಹೋಗಲಿಲ್ಲ. ಚಿತ್ರವನ್ನು ಪಕ್ಕಕ್ಕೆ ಸರಿಸಿದೆ, ಮಚ್ಚೆಯೂ ಸರಿಯಿತು. ಆಮೇಲೆಯೇ ಸರಿಯಾಗಿ ನೋಡಿದ್ದು: ಗೆರೆಗಳು ಮಚ್ಚೆಯ ತನಕ ನೇರವಾಗಿ ಬಂದು, ಅಲ್ಲಿ ಇಬ್ಭಾಗವಾಗಿ, ಅದನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದವು. ಹಲಗೆಯಲ್ಲಿ ಗಂಟಿದ್ದರೆ ಮರದ ಎಳೆಗಳು ಅದರ ಸುತ್ತ ಬಾಗಿ ಹೋಗುವುದಿಲ್ಲವೇ, ಥೇಟ್ ಹಾಗೆ.

ನಾನು ತಿಕ್ಕಿ ಅಳಿಸಲು ನೋಡಿದ್ದು ಸುಮಾರು 130 ಕಿಲೋಮೀಟರ್ ಉದ್ದ, 65 ಕಿಲೋಮೀಟರ್ ಅಗಲದ ವಸ್ತುವನ್ನು. ಅದರ ಹೆಸರು ರೂಸ್‌ವೆಲ್ಟ್ ದ್ವೀಪ. ಅನುವಾದವನ್ನೇನೋ ಹೇಳಿದ ದಿನಕ್ಕೆ ಕಳಿಸಿಕೊಟ್ಟೆ. ಆದರೆ ಅದರಲ್ಲಿ ಬರೆದ ಒಂದು ಪದ ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಇಂದಿನವರೆಗೂ ಕಾಡುತ್ತಿದೆ. ಆ ಪದ "ದ್ವೀಪ".

ಹೆಸರಿನ ಪೇಚು

ದ್ವೀಪ ಎಂದರೆ ನಾಲ್ಕೂ ಕಡೆ ನೀರಿರುವ ನೆಲ. ರೂಸ್‌ವೆಲ್ಟ್ ದ್ವೀಪದ ನಾಲ್ಕೂ ಕಡೆ ಕಣ್ಣಿಗೆ ಕಾಣುವುದು ಹಿಮ, ಅದರ ಮೇಲೆ ಕಾಣುವುದೂ ಹಿಮವೇ. ನೆಲವೇನೋ ಇದೆ, ಆದರೆ ಅದು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗೆ. ಹಿಮವನ್ನೆಲ್ಲ ಒಂದೇ ಏಟಿಗೆ ಎತ್ತಿ ಪಕ್ಕಕ್ಕಿಟ್ಟರೆ ಅಲ್ಲಿ ದ್ವೀಪ ಉಳಿಯುವುದಿಲ್ಲ, ಬರೀ ನೀರು ಉಳಿಯುತ್ತದೆ. ಕಡಲ ತಳದಲ್ಲಿ ಒಂದು ಉಬ್ಬು ಇದೆ, ಮೇಲಿನ ಹಿಮದ ಹೊಟ್ಟೆ ಅದಕ್ಕೆ ತಾಗಿ ಅಲ್ಲೇ ಕೂತಿದೆ, ಅಷ್ಟೆ. ನೆಲದ ಪಾಲು ಇಷ್ಟೇ ಆದರೂ ಮೇಲೆ ಕಾಣುವುದು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದ, ಸಾವಕಾಶವಾಗಿ ಏರಿ ಇಳಿಯುವ ಒಂದು ಬೆನ್ನು. ಸುತ್ತಲಿನ ತೇಲುವ ಹಿಮವಾದರೋ ನೀರಿನಿಂದ ಕೆಲವು ಹತ್ತು ಮೀಟರ್ ಮಾತ್ರ ಮೇಲಿರುತ್ತದೆ.

ಇಂಗ್ಲಿಷಿನಲ್ಲಿ ಇಂಥದ್ದನ್ನು ಐಸ್ ರೈಸ್, ಅಂದರೆ ಹಿಮದ ಏರು, ಎನ್ನುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದು ಓದಿದರೆ ಹೋಟೆಲಿನ ಮೆನುವಿನಿಂದ ತಪ್ಪಿಸಿಕೊಂಡು ಬಂದ ಪದಾರ್ಥದಂತಿದೆ, ಆದ್ದರಿಂದ ಅದು ಬೇಡ. ರಷ್ಯನ್ನರು ತಾವು ಗುರುತಿಸಿದ ಕೆಲವಕ್ಕೆ ಗುಮ್ಮಟ ಎಂಬ ಅರ್ಥದ 'ಕುಪೋಲ್' ಎಂದು ಹೆಸರಿಟ್ಟರು. ನಾರ್ವೆಯವರು ಗುಂಡನೆಯ ಗುಡ್ಡ ಎಂಬರ್ಥದ 'ಕೊಲ್ಲೆನ್' ಸೇರಿಸಿದರು, ಹಾಗಾಗಿ ನಕಾಶೆಯಲ್ಲಿ ಲೆನಿನ್‌ಗ್ರಾದ್‌ಕೊಲ್ಲೆನ್ ಎಂಬ ಅರ್ಧ ರಷ್ಯನ್, ಅರ್ಧ ನಾರ್ವೇಜಿಯನ್ ಗುಡ್ಡವೊಂದು ಇದೆ. ಅಮೆರಿಕದವರು ದ್ವೀಪ ಎಂದರು. ಒಬ್ಬೊಬ್ಬರೂ ತಮಗೆ ಕಂಡಷ್ಟನ್ನು ಹೆಸರಾಗಿಸಿದ್ದಾರೆ. ನನಗೂ ಆಯ್ಕೆಗಳಿದ್ದವು. ದಿಬ್ಬ, ದಿಣ್ಣೆ, ಮರಡಿ, ಬೋರೆ, ಗುಡ್ಡ, ನಡುಗಡ್ಡೆ, ಎತ್ತರವನ್ನು ಹೇಳಲು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಆದರೆ ಇವೆಲ್ಲವೂ ಅದರ ಮೇಲ್ಮೈಯನ್ನು ಹೇಳುತ್ತವೆ, ಅದು ಹಾಗಾದ ಕಾರಣವನ್ನು ಹೇಳುವುದಿಲ್ಲ. ಕಾರಣ ಇರುವುದು ಕೆಳಗೆ.

ಹೀಗೆ ಪದ ಹುಡುಕುತ್ತಿದ್ದಾಗಲೇ 'ನೆಲಕಚ್ಚು' ಎಂಬ ಮಾತು ನಾಲಿಗೆಗೆ ಬಂದದ್ದು. ಬಂದ ಕೂಡಲೇ ನಗುವೂ ಬಂತು. ಮಾರುಕಟ್ಟೆ ನೆಲಕಚ್ಚಿತು, ಬೆಳೆ ನೆಲಕಚ್ಚಿತು, ಪಕ್ಷ ನೆಲಕಚ್ಚಿತು. ದಿನಪತ್ರಿಕೆಯಲ್ಲಿ ಈ ಮಾತು ಬಂದರೆ ಯಾರೋ ಸೋತಿದ್ದಾರೆ, ಏನೋ ಬಿದ್ದಿದೆ ಎಂದೇ ಲೆಕ್ಕ. ಇಲ್ಲಿ ನೋಡಿದರೆ ಅಕ್ಷರಶಃ ನೆಲ ಕಚ್ಚಿದ ಹಿಮವೇ ಎದ್ದು ನಿಂತಿದೆ, ಕಚ್ಚದೆ ತೇಲುತ್ತಿರುವುದೆಲ್ಲ ಚಪ್ಪಟೆಯಾಗಿದೆ. ಏಕೆಂದರೆ ನೆಲದಿಂದ ಕಡಲಿನ ಮೇಲೆ ಚಾಚಿಕೊಂಡು ತೇಲುವ ಹಿಮಕ್ಕೆ, ಅಂದರೆ ಹಿಮಹಾಸು ಎನ್ನುವುದಕ್ಕೆ, ತಳದಲ್ಲಿ ಹಿಡಿತವೇ ಇಲ್ಲ. ನೂರಾರು ಮೀಟರ್ ದಪ್ಪವಿದ್ದರೂ ಅದು ತನ್ನ ಭಾರಕ್ಕೆ ತಾನೇ ಹರಡಿಕೊಳ್ಳುತ್ತ, ಹಿಂದಿನ ಹಿಮನದಿಗಳು ನೂಕಿದಂತೆಲ್ಲ ಕಡಲಿನತ್ತ ಜಾರುತ್ತ, ವರ್ಷಕ್ಕೆ ಕೆಲವು ನೂರು ಮೀಟರ್, ಅಂಚಿನಲ್ಲಿ ಸುಮಾರು ಒಂದು ಕಿಲೋಮೀಟರ್‌ವರೆಗೂ ಸಾಗುತ್ತದೆ. ಬಿದ್ದ ಹಿಮವೆಲ್ಲ ಆ ಸಾಗಾಟದಲ್ಲಿ ಹಂಚಿಹೋಗುತ್ತದೆ. ನೆಲಕ್ಕೆ ಕಚ್ಚಿಕೊಂಡ ಭಾಗಕ್ಕೆ ಆ ಸಲೀಸು ಇಲ್ಲ. ತಳ ಜಾರಲು ಬಿಡುವುದಿಲ್ಲ, ಮೇಲೆ ವರ್ಷ ವರ್ಷವೂ ಹಿಮ ಬೀಳುವುದು ನಿಲ್ಲುವುದಿಲ್ಲ. ಬಿದ್ದದ್ದು ಪೇರಿಕೊಳ್ಳುತ್ತ ಪೇರಿಕೊಳ್ಳುತ್ತ, ಒಂದು ವರ್ಷದಲ್ಲಿ ಬೀಳುವಷ್ಟು ಹಿಮ ಅದೇ ವರ್ಷ ಮಗ್ಗುಲುಗಳಿಗೆ ಇಳಿದುಹೋಗುವಷ್ಟು ಇಳಿಜಾರು ಆಗುವ ತನಕ ಬೆಳೆಯುತ್ತದೆ. ನೆಲ ಅದನ್ನು ಮೇಲಕ್ಕೆ ಎತ್ತಿದ್ದಲ್ಲ, ಹಿಡಿದು ನಿಲ್ಲಿಸಿದ್ದು ಮಾತ್ರ. ಎತ್ತರವೆಲ್ಲ ಅದರದೇ ಸಂಪಾದನೆ.

ಇನ್ನೊಂದು ವಿಷಯವನ್ನು ಓದಿದ ದಿನ ಅದನ್ನು ಕಣ್ಮುಂದೆ ತಂದುಕೊಳ್ಳಲು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ತೇಲುವ ಹಿಮಹಾಸು ಕಡಲಿನ ಉಬ್ಬರ ಇಳಿತಗಳೊಂದಿಗೆ ಏರುತ್ತದೆ, ಇಳಿಯುತ್ತದೆ. ರಾಸ್ ಹಿಮಹಾಸು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅಷ್ಟು ದೊಡ್ಡ ಬಿಳಿ ಚಪ್ಪಡಿ ಮಲಗಿದವರ ಎದೆಯಂತೆ ದಿನವೂ ಮೇಲೆದ್ದು ಕೆಳಗಿಳಿಯುತ್ತದೆ, ನಡುವೆ ರೂಸ್‌ವೆಲ್ಟ್ ದ್ವೀಪ ಕದಲದೆ ಕೂತಿರುತ್ತದೆ. ಎರಡರ ನಡುವೆ ಕೆಲವು ಕಿಲೋಮೀಟರ್ ಅಗಲದ ಒಂದು ಪಟ್ಟಿ ಬಾಗಿಲಿನ ತಿರುಗಣಿಯಂತೆ ಹಗಲೂ ರಾತ್ರಿ ಬಾಗುತ್ತ ಇರುತ್ತದೆ.

ಕಾಣದ ದ್ವೀಪದ ಮೇಲೆ ಕಟ್ಟಿದ ಬಾಜಿ

ಈ ದ್ವೀಪ ನಕಾಶೆಗೆ ಬಂದದ್ದು 1934ರಲ್ಲಿ. ರಿಚರ್ಡ್ ಬರ್ಡ್ ತಮ್ಮ ಎರಡನೆಯ ಅಂಟಾರ್ಕ್ಟಿಕ ಯಾತ್ರೆಯಲ್ಲಿ ಅದನ್ನು ಗುರುತಿಸಿ ಆಗಿನ ಅಮೆರಿಕದ ಅಧ್ಯಕ್ಷರ ಹೆಸರಿಟ್ಟರು. ಆದರೆ ಅದು ತನ್ನ ಕೆಲಸವನ್ನು ಅದಕ್ಕೂ ಬಹಳ ಮೊದಲೇ ಮಾಡಿ ಮುಗಿಸಿತ್ತು. ದಕ್ಷಿಣ ಧ್ರುವಕ್ಕೆ ಯಾರು ಮೊದಲು ಹೋದರು ಎನ್ನುವ ಕತೆಯನ್ನು ನಾವೆಲ್ಲ ಓದಿದ್ದೇವೆ. ನಾಯಿಗಳೋ ಕುದುರೆಗಳೋ, ಯೋಜನೆಯೋ ದುರದೃಷ್ಟವೋ ಎಂದು ಅದರ ಬಗ್ಗೆ ನಡೆದಿರುವ ವಾದವೂ ಗೊತ್ತು. ಆ ಕತೆಯಲ್ಲಿ ಯಾರೂ ಮಾತಿಗೆಳೆಯದ ಒಂದು ಪಾತ್ರ ಈ ನೆಲಕಚ್ಚಿದ ಹಿಮ.

ಹಿಮಹಾಸಿನ ಕಡಲಂಚು ಕೋಟೆಯ ಗೋಡೆಯಂತೆ ಉದ್ದಕ್ಕೂ ನಿಂತಿದೆ. ಅಲ್ಲಿ ಹಡಗು ನಿಲ್ಲಿಸಿ ಸಾಮಾನು ಇಳಿಸಲು ಜಾಗ ಅಪರೂಪ. ರೂಸ್‌ವೆಲ್ಟ್ ದ್ವೀಪ ಹರಿವಿಗೆ ಅಡ್ಡ ಕೂತಿರುವುದರಿಂದ ಅದರ ಮರೆಯಲ್ಲಿ, ಕಡಲ ಕಡೆಗೆ, ಗೋಡೆ ಒಳಕ್ಕೆ ಬಾಗಿ ಒಂದು ಕೊಲ್ಲಿಯಾಗಿತ್ತು. 1908ರ ಜನವರಿಯಲ್ಲಿ ಬ್ರಿಟಿಷ್ ಅನ್ವೇಷಕ ಶ್ಯಾಕಲ್ಟನ್ ಅಲ್ಲಿಗೆ ಬಂದರು. ಕೆಲವೇ ವರ್ಷಗಳ ಹಿಂದೆ ತಾವೇ ಕಂಡಿದ್ದ ಸಣ್ಣ ಒಳಚಾಚು ಮಾಯವಾಗಿತ್ತು. ಹಿಮ ಕಳಚಿಕೊಂಡು ಹೋಗಿ ದೊಡ್ಡ ಕೊಲ್ಲಿಯೊಂದು ಬಾಯಿ ತೆರೆದಿತ್ತು, ಅದರ ತುಂಬ ತಿಮಿಂಗಿಲಗಳು. ತಿಮಿಂಗಿಲಗಳ ಕೊಲ್ಲಿ ಎಂದು ಹೆಸರಿಟ್ಟು, ಇಂಥ ನಂಬಿಕೆಗೆಟ್ಟ ಹಿಮದ ಮೇಲೆ ಮನೆ ಕಟ್ಟುವುದುಂಟೇ ಎಂದು ಅವರು ಅಲ್ಲಿಂದ ಹೊರಟೇಹೋದರು. ಬಿಡಾರ ಹೂಡಿದ್ದು ರಾಸ್ ದ್ವೀಪದ ಗಟ್ಟಿ ಬಂಡೆಯ ಮೇಲೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಾರ್ವೆಯ ಅಮುಂಡ್‌ಸೆನ್ ಅದೇ ವರದಿಗಳನ್ನು ಓದಿ ಬೇರೆಯದೇ ತೀರ್ಮಾನಕ್ಕೆ ಬಂದರು. ಅವರ ತರ್ಕ ಸರಳವಾಗಿತ್ತು. ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ 1840ರ ದಶಕದ ಆರಂಭದಲ್ಲಿ ಈ ಗೋಡೆಯನ್ನು ಕಂಡಾಗಲೂ ಸುಮಾರಾಗಿ ಇದೇ ಜಾಗದಲ್ಲಿ ಗೋಡೆ ಒಳಕ್ಕೆ ಬಾಗಿತ್ತು. ಎಪ್ಪತ್ತು ವರ್ಷಗಳ ಮೇಲೂ ಅಲ್ಲೇ ಇದೆ. ತುಂಡುಗಳು ಕಳಚಿರಬಹುದು, ಆದರೆ ಬಾಗು ಜಾಗ ಬದಲಿಸಿಲ್ಲ. ಹಾಗಿದ್ದರೆ ಹಿಮ ಇಲ್ಲಿ ಯಾವುದೋ ನೆಲದ ಮೇಲೆ ಕೂತಿರಲೇಬೇಕು. 1911ರ ಜನವರಿಯಲ್ಲಿ ಅವರು ಆ ಕೊಲ್ಲಿಯ ಪಕ್ಕದಲ್ಲೇ ಫ್ರಾಮ್‌ಹೈಮ್ ಎಂಬ ಮನೆ ಕಟ್ಟಿಸಿ, ಚಳಿಗಾಲವಿಡೀ ಅಲ್ಲೇ ಕಳೆದು, ಡಿಸೆಂಬರ್ 14ರಂದು ಧ್ರುವ ಮುಟ್ಟಿದರು. ಅದೇ ಓಟದಲ್ಲಿದ್ದ ಬ್ರಿಟನ್ನಿನ ಸ್ಕಾಟ್ ಬಿಡಾರ ಹೂಡಿದ್ದ ಜಾಗಕ್ಕಿಂತ ಇದು ಧ್ರುವಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಹತ್ತಿರವಿತ್ತು.

ಇದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಅಮುಂಡ್‌ಸೆನ್ ಸರಿಯೂ ಆಗಿದ್ದರು, ತಪ್ಪೂ ಆಗಿದ್ದರು. ಕೊಲ್ಲಿ ಅಲ್ಲಿರುವುದಕ್ಕೆ ಕೆಳಗಿನ ನೆಲವೇ ಕಾರಣ ಎಂಬುದು ಸರಿ, ಕಣ್ಣಿಗೆ ಕಾಣದ ದ್ವೀಪವನ್ನು ಅವರು ಬರೀ ತರ್ಕದಿಂದ ಮುಟ್ಟಿದ್ದರು. ಆದರೆ ಅವರ ಮನೆ ನಿಂತಿದ್ದ ಹಿಮ ನೆಲದ ಮೇಲಿರಲಿಲ್ಲ, ಅದು ತೇಲುತ್ತಲೇ ಇತ್ತು. ಅವರು ಊಹಿಸಿದ ನೆಲ ಇದ್ದದ್ದು ಅವರ ಬೆನ್ನ ಹಿಂದೆ, ಒಳನಾಡಿನ ಕಡೆಗೆ. ಲೆಕ್ಕ ತಪ್ಪಿ ಉತ್ತರ ಸರಿ ಬಂದ ಹುಡುಗನಿಗೆ ಮೇಷ್ಟ್ರು ಎಷ್ಟು ಅಂಕ ಕೊಡಬೇಕು? ಫ್ರಾಮ್‌ಹೈಮ್ ಇದ್ದ ಹಿಮ ಎಂದೋ ಕಳಚಿ ಕಡಲು ಸೇರಿತು. ಅದೇ ಕೊಲ್ಲಿಯ ಬಳಿ ಬರ್ಡ್ ಕಟ್ಟಿಸಿದ್ದ ಲಿಟಲ್ ಅಮೆರಿಕ ಶಿಬಿರಗಳಲ್ಲೊಂದರ ಅವಶೇಷ 1963ರಲ್ಲಿ ದೂರದ ಕಡಲಿನಲ್ಲಿ ತೇಲುತ್ತಿದ್ದ ನೀರ್ಗಲ್ಲೊಂದರ ಪಕ್ಕೆಯಿಂದ ಇಣುಕುತ್ತಿದ್ದದ್ದನ್ನು ಅಮೆರಿಕದ ನೌಕೆಯವರು ಕಂಡರು. 1987ರಲ್ಲಿ ಬಿ-9 ಎಂಬ 150 ಕಿಲೋಮೀಟರ್‌ಗೂ ಉದ್ದದ ನೀರ್ಗಲ್ಲು ಕಳಚಿಕೊಂಡಾಗ ತಿಮಿಂಗಿಲಗಳ ಕೊಲ್ಲಿಯ ಹಳೆಯ ಆಕಾರವೇ ಹೋಯಿತು. ದ್ವೀಪ ಮಾತ್ರ ಇದ್ದಲ್ಲೇ ಇದೆ.

(ನಮ್ಮ ದೇಶದ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನೂ 1983–84ರಲ್ಲಿ ತೇಲುವ ಹಿಮಹಾಸಿನ ಮೇಲೆಯೇ ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅದು ಹಿಮದಲ್ಲಿ ಹೂತುಹೋಯಿತು. ಅದರ ನಂತರದ ಮೈತ್ರಿಯನ್ನು ಬಂಡೆಯ ಮೇಲೆ ಕಟ್ಟಿದರು. ಆ ಭಾಗದ ಕರಾವಳಿಯ ನಿವ್ಲಿಸೆನ್ ಹಿಮಹಾಸಿನ ಬಳಿಯೇ ಮೇಲೆ ಹೇಳಿದ ಲೆನಿನ್‌ಗ್ರಾದ್‌ಕೊಲ್ಲೆನ್ ಇದೆ. ಗೋವಾದಲ್ಲಿರುವ ನಮ್ಮ ಧ್ರುವ ಸಂಶೋಧನಾ ಕೇಂದ್ರದವರು ನಾರ್ವೆಯವರ ಜೊತೆಗೂಡಿ ಅದರ ಮೇಲೆ ರಾಡಾರ್ ಎಳೆದಾಡಿ ಅಧ್ಯಯನ ಮಾಡಿದ್ದಾರೆ.)

ರೈಟಿಂಗ್ ಪ್ಯಾಡಿನ ಮೇಲೊಂದು ಹಿಮಹಾಸು

ಅಕ್ಕನ ಮಗಳು ರಜೆಗೆ ಬಂದಿದ್ದಳು. ಏಳನೆಯ ತರಗತಿ, ಏನು ಹೇಳಿದರೂ "ಅದು ಹೇಗೆ?" ಎನ್ನುವ ವಯಸ್ಸು. ಹರಿಯುವ ಹಿಮ ಎಂದರೆ ಅವಳಿಗೆ ಒಪ್ಪಿಗೆಯಾಗಲಿಲ್ಲ. "ಮಂಜುಗಡ್ಡೆ ಗಟ್ಟಿ ಅಲ್ಲವೇ ಚಿಕ್ಕಮ್ಮ, ಗಟ್ಟಿ ಇದ್ದರೆ ಒಡೆಯಬೇಕು, ಹರಿಯುವುದು ಹೇಗೆ?" ಎಂದಳು. ಬಾಯಿಮಾತಿನಲ್ಲಿ ಸೋತು, ಅವಳು ಪರೀಕ್ಷೆಗೆ ಒಯ್ಯುವ ರೈಟಿಂಗ್ ಪ್ಯಾಡನ್ನು ಎರಡು ಪುಸ್ತಕಗಳ ಮೇಲೆ ಒಂದು ಬದಿ ಎತ್ತಿ ಇಳಿಜಾರು ಮಾಡಿದೆ. ನಡುವೆ ಅಂಗಿಯ ಗುಂಡಿಯೊಂದನ್ನು ಅಂಟಿಸಿದೆ, ಅದು ಕಡಲ ತಳದ ಉಬ್ಬು. ಮೇಲಿನಿಂದ ಗೋಂದು ಸುರಿದೆ. ಮಂದವಾದ, ಹಳದಿ ಬಣ್ಣದ, ಸಾವಕಾಶವಾಗಿ ಹರಿಯುವ ಗೋಂದು.

ಗೋಂದು ಗುಂಡಿಯ ತನಕ ಬಂದು, ಕ್ಷಣ ನಿಂತು, ನಾನು ಹೇಳಿದಂತೆ ಇಬ್ಭಾಗವಾಗುವುದು ಬಿಟ್ಟು ಗುಂಡಿಯ ಮೇಲೆಯೇ ಹತ್ತಿ ಇಳಿದು ಮುಂದೆ ಹೋಯಿತು. ಗುಂಡಿ ಇದ್ದ ಕಡೆ ಮೇಲ್ಮೈ ಸ್ವಲ್ಪ ಸುಕ್ಕಾಯಿತು, ಅಷ್ಟೆ. "ಬಳಸಿಕೊಂಡು ಹೋಗಲೇ ಇಲ್ಲವಲ್ಲ" ಎಂದು ಅವಳು ನನ್ನ ಮುಖ ನೋಡಿದಳು. ನಾನು ಮುಖ ಸಪ್ಪಗೆ ಮಾಡಿಕೊಂಡು ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ನೆನಪಾಯಿತು, ಇದಕ್ಕೂ ಹೆಸರಿದೆ. ತಳದ ಉಬ್ಬು ಸಾಕಷ್ಟು ಎತ್ತರವಿಲ್ಲದಿದ್ದರೆ ಹಿಮಹಾಸು ಅದಕ್ಕೆ ಉಜ್ಜಿಕೊಂಡು, ಬಿರುಕು ಬಿಡುತ್ತ, ಮೇಲೆಯೇ ಹಾದುಹೋಗುತ್ತದೆ. ಅಂಥದ್ದನ್ನು ಬೇರೆ ಗುಂಪಿಗೆ ಸೇರಿಸುತ್ತಾರೆ, ಸುಕ್ಕು ಎಂದೇ ಕರೆಯಬಹುದು. ಅಂಟಾರ್ಕ್ಟಿಕದ ಸುತ್ತ ಎರಡೂ ಬಗೆಯವು ಸೇರಿ 700ಕ್ಕೂ ಹೆಚ್ಚು ಇವೆ. ನಾನು ಒಂದನ್ನು ತೋರಿಸಲು ಹೋಗಿ ಇನ್ನೊಂದನ್ನು ತೋರಿಸಿದ್ದೆ.

ಗುಂಡಿ ಕಿತ್ತು ರಬ್ಬರ್ ಇಟ್ಟೆವು. ಈ ಸಲ ಗೋಂದು ಎರಡಾಗಿ ಒಡೆದು ರಬ್ಬರಿನ ಎರಡೂ ಪಕ್ಕ ಹರಿಯಿತು. ಎದುರು ಬದಿಯಲ್ಲಿ ದಪ್ಪಗೆ ಒತ್ತರಿಸಿಕೊಂಡಿತು, ಹಿಂಬದಿಯಲ್ಲಿ ಸ್ವಲ್ಪ ದೂರ ಬರಿದಾದ ಜಾಗ ಬಿಟ್ಟು ಆಮೇಲೆ ಕೂಡಿಕೊಂಡಿತು. ಆ ಬರಿದಾದ ಜಾಗವೇ ತಿಮಿಂಗಿಲಗಳ ಕೊಲ್ಲಿ ಎಂದು ನಾನು ಹೆಮ್ಮೆಯಿಂದ ವಿವರಿಸುತ್ತಿದ್ದರೆ ಅವಳು ರಬ್ಬರನ್ನೇ ನೋಡುತ್ತಿದ್ದಳು. "ಆದರೆ ಚಿಕ್ಕಮ್ಮ, ರಬ್ಬರಿನ ಮೇಲೆ ಹಿಮವೇ ಇಲ್ಲ. ಅಲ್ಲಿಯೂ ಹಿಮ ಬೀಳುತ್ತದೆ ಅಂದಿರಲ್ಲ?" ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಬಾಟಲಿ ತೆಗೆದುಕೊಂಡು ರಬ್ಬರಿನ ನೆತ್ತಿಯ ಮೇಲೆ ಹನಿ ಹನಿಯಾಗಿ ಗೋಂದು ಬಿಡತೊಡಗಿದಳು. ಒಂದು ಹನಿ, ಅದು ಹರಡಿಕೊಳ್ಳಲು ಬಿಟ್ಟು ಇನ್ನೊಂದು ಹನಿ. ನಡುನಡುವೆ ನೀಲಿ ಶಾಯಿ ಬೆರೆಸಿದ ಹನಿ. ಹತ್ತು ನಿಮಿಷದಲ್ಲಿ ರಬ್ಬರಿನ ಮೇಲೆ ಪುಟ್ಟ ಗುಮ್ಮಟವೊಂದು ಎದ್ದಿತ್ತು. ಅದರ ಅಂಚು ನಾಲ್ಕೂ ಕಡೆಗೆ ಮೆಲ್ಲಗೆ ಜಾರುತ್ತ, ಕೆಳಗೆ ಸಾಗುತ್ತಿದ್ದ ದೊಡ್ಡ ಹರಿವಿಗೆ ಹೋಗಿ ಸೇರುತ್ತಿತ್ತು. ದೊಡ್ಡ ಹರಿವಿನ ದಿಕ್ಕು ಒಂದೇ, ಗುಮ್ಮಟದ ಹರಿವಿಗೆ ದಿಕ್ಕುಗಳು ಎಷ್ಟೋ. ನಾನು ಮೂರು ಪುಟಗಳಲ್ಲಿ ಅನುವಾದಿಸಿ ನನಗೇ ಪೂರ್ತಿ ತಿಳಿಯದೆ ಬಿಟ್ಟಿದ್ದ ವಿಷಯ ಅಲ್ಲಿ ಒಂದು ರಬ್ಬರಿನ ಮೇಲೆ ಮೆಲ್ಲಗೆ ನಡೆಯುತ್ತಿತ್ತು.

ಒಳಗಿನ ಬಿಲ್ಲು

ಆ ಗುಮ್ಮಟದ ನೆತ್ತಿಯ ಬಗ್ಗೆ ಇನ್ನಷ್ಟು ಹೇಳಬೇಕು. ಗುಡ್ಡದ ನೆತ್ತಿಯಲ್ಲಿ ಬಿದ್ದ ಮಳೆ ಎರಡು ಕಡೆಗೆ ಹಂಚಿಹೋಗುವ ಹಾಗೆ ಅಲ್ಲಿ ಹಿಮವೂ ಎರಡು ಕಡೆಗೆ ಹಂಚಿಹೋಗುತ್ತದೆ. ಸರಿಯಾಗಿ ನಡುವಿನ ಹಿಮವನ್ನು ಯಾವ ಪಕ್ಕವೂ ಎಳೆಯುವುದಿಲ್ಲ, ಅದು ನೇರ ಕೆಳಗೆ ಇಳಿಯುತ್ತದೆ. ಮಂಜುಗಡ್ಡೆಯ ಗುಣವೊಂದಿದೆ, ಟೂತ್‌ಪೇಸ್ಟಿನದೂ ಸುಮಾರಾಗಿ ಅದೇ ಗುಣ. ಜೋರಾಗಿ ಒತ್ತಿದರೆ ಸಲೀಸಾಗಿ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಬಿಗಿಯಾಗಿ ಕೂರುತ್ತದೆ. ಸೆಳೆತ ಎರಡು ಪಟ್ಟಾದರೆ ಮಂಜುಗಡ್ಡೆಯ ಹರಿವು ಸುಮಾರು ಎಂಟು ಪಟ್ಟಾಗುತ್ತದೆ. ಹಾಗಿದ್ದ ಮೇಲೆ ಯಾರೂ ಎಳೆಯದ ನೆತ್ತಿಯ ಅಡಿಯಲ್ಲಿ, ಆಳದಲ್ಲಿ, ಹಿಮ ಎಲ್ಲಕ್ಕಿಂತ ಬಿಗಿಯಾಗಿರುತ್ತದೆ. ಮೇಲಿನಿಂದ ಇಳಿದು ಬರುವ ಪದರಗಳು ಗಟ್ಟಿ ದಿಂಬಿನ ಮೇಲೆ ಬಿದ್ದಂತೆ ಅಲ್ಲಿ ತಡೆಯುತ್ತವೆ, ಅಕ್ಕಪಕ್ಕದಲ್ಲಿ ಮಾತ್ರ ತಮ್ಮ ಪಾಡಿಗೆ ಇಳಿಯುತ್ತ ಹೋಗುತ್ತವೆ. ಮೊದಲು ಮಟ್ಟಸವಾಗಿದ್ದ ಪದರ ಕಾಲ ಕಳೆದಂತೆ ನಡುವೆ ಉಬ್ಬಿ ಬಿಲ್ಲಿನಂತೆ ಬಾಗುತ್ತದೆ.

ಚಾರ್ಲ್ಸ್ ರೇಮಂಡ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು 1983ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಿಮದ ಒಳಗೆ ಅಂಥ ಬಿಲ್ಲನ್ನು ರಾಡಾರ್ ಸ್ಪಷ್ಟವಾಗಿ ತೋರಿಸಿದ್ದು ತೊಂಬತ್ತರ ದಶಕದಲ್ಲಿ. ಹಿಮದ ಮೇಲೆ ರಾಡಾರನ್ನು ಎಳೆದುಕೊಂಡು ಹೋದರೆ ಒಳಗಿನ ಪದರಗಳಿಂದ ಪ್ರತಿಧ್ವನಿ ಬರುತ್ತದೆ. ಆ ಚಿತ್ರವನ್ನು ನೋಡಿದಾಗ ಯಾರಿಗೂ ವಿವರಣೆ ಬೇಕಾಗುವುದಿಲ್ಲ: ಅಕ್ಕಪಕ್ಕ ಸಮನಾಗಿ ಬಂದ ಗೆರೆಗಳು ನೆತ್ತಿಯ ಕೆಳಗೆ ಒಂದರ ಕೆಳಗೊಂದು ಕಮಾನುಗಳಾಗಿವೆ. ಅದಕ್ಕೆ ರೇಮಂಡ್ ಕಮಾನು ಎಂದೇ ಹೆಸರು. ಈಗ ಅದರ ಉಪಯೋಗ ಗಡಿಯಾರವಾಗಿ. ನೆತ್ತಿ ಒಂದೇ ಜಾಗದಲ್ಲಿ ಎಷ್ಟು ಕಾಲ ಕದಲದೆ ಇರುತ್ತದೋ ಕಮಾನು ಅಷ್ಟು ಎತ್ತರಕ್ಕೆ ಬೆಳೆಯುತ್ತದೆ, ನೆತ್ತಿ ಪಕ್ಕಕ್ಕೆ ಸರಿದರೆ ಕಮಾನು ವಾಲುತ್ತದೆ ಅಥವಾ ಕಲಸಿಹೋಗುತ್ತದೆ. ರೂಸ್‌ವೆಲ್ಟ್ ದ್ವೀಪದ ಕಮಾನಿನ ಎತ್ತರವನ್ನು ಓದಿ, ಅದರ ನೆತ್ತಿ ಈಗಿನಂತೆ ನಿಂತು ಸುಮಾರು ಮೂರು ಸಾವಿರ ವರ್ಷಗಳಾದವು ಎಂದು 1999ರಲ್ಲಿ ತೀರ್ಮಾನಿಸಿದರು. ಅದಕ್ಕೂ ಮೊದಲು ಅಲ್ಲಿ ಇನ್ನೂ ದಪ್ಪನೆಯ, ಒಂದಾಗಿ ನೆಲದ ಮೇಲೆಯೇ ಕೂತ ಹಿಮವಿತ್ತು. ಅದು ತೆಳುವಾಗುತ್ತ, ಹಿಂದೆ ಸರಿಯುತ್ತ ಸುತ್ತಲೂ ತೇಲತೊಡಗಿತು, ಈ ಒಂದು ಗಂಟು ಮಾತ್ರ ಬಿಡಲಿಲ್ಲ. 2011ರಿಂದ ಎರಡು ಬೇಸಿಗೆಗಳಲ್ಲಿ ನ್ಯೂಜಿಲೆಂಡಿನವರ ನೇತೃತ್ವದ ತಂಡ ಅದೇ ನೆತ್ತಿಯಲ್ಲಿ 764 ಮೀಟರ್ ಆಳಕ್ಕೆ, ತಳದ ನೆಲದವರೆಗೂ ಕೊರೆದು ಹಿಮವನ್ನು ಕಂಬಗಳಾಗಿ ಎತ್ತಿ ತಂದಿತು.

ಎಲ್ಲ ಗುಮ್ಮಟಗಳ ಕತೆಯೂ ಹೀಗೆ ಹಳೆಯ ಹಿಮ ಉಳಿದುಕೊಂಡ ಕತೆಯಲ್ಲ. ಅದೇ ರಾಸ್ ಹಿಮಹಾಸಿನ ಕ್ರೇರಿ ಎಂಬ ಗುಮ್ಮಟ ಮೊದಲು ತೇಲುತ್ತಿದ್ದು, ಆಮೇಲೆ ನೆಲಕಚ್ಚಿದ್ದು. ಅದನ್ನು ಕಂಡುಹಿಡಿದ ಬಗೆ ನನಗೆ ಕಮಾನಿಗಿಂತಲೂ ಚೆಂದ ಅನ್ನಿಸುತ್ತದೆ. ತೇಲುವ ಹಿಮದ ಅಡಿ ಸಮುದ್ರದ ನೀರಿಗೆ ತಾಗಿರುವುದರಿಂದ ಅಂಟಾರ್ಕ್ಟಿಕದ ಲೆಕ್ಕದಲ್ಲಿ ಬೆಚ್ಚಗೇ ಇರುತ್ತದೆ. ನೆಲಕ್ಕೆ ತಾಗಿದ ದಿನದಿಂದ ಆ ಬಿಸುಪು ಸೋರತೊಡಗುತ್ತದೆ, ಮೇಲಿನ ಚಳಿ ಮೆಲ್ಲಗೆ ಕೆಳಗಿಳಿಯುತ್ತದೆ. ಬಿಸಿನೀರಿನಿಂದ ತೂತು ಕೊರೆದು, ಉದ್ದಕ್ಕೂ ತಾಪಮಾಪಕಗಳನ್ನು ಇಳಿಬಿಟ್ಟು, ಚಳಿ ಎಷ್ಟು ಆಳ ಮುಟ್ಟಿದೆ ಎಂದು ನೋಡಿ, ಅದು ಕೂತು ಸಾವಿರ ವರ್ಷದ ಆಸುಪಾಸು ಎಂದರು. ಮೈ ಮುಟ್ಟಿ ನೋಡಿ ವಯಸ್ಸು ಹೇಳುವುದು ಎಂದರೆ ಇದೇ ಇರಬೇಕು. ರಾನ್ ಹಿಮಹಾಸಿನ ಹೆನ್ರಿ ಗುಮ್ಮಟದ್ದು ಇನ್ನೂ ಸ್ವಾರಸ್ಯ. ಹಿಮಯುಗದ ಭಾರ ಇಳಿದ ಮೇಲೆ, ಒತ್ತಿ ಹಿಡಿದಿದ್ದ ಕೈ ತೆಗೆದಾಗ ಮೆತ್ತೆ ಉಬ್ಬುವಂತೆ, ಕಡಲ ತಳವೇ ಸಾವಿರಾರು ವರ್ಷಗಳಲ್ಲಿ ಮೇಲೆದ್ದು ಬಂದು ತೇಲುತ್ತಿದ್ದ ಹಿಮವನ್ನು ಮುಟ್ಟಿತು ಎಂಬ ವಿವರಣೆಯನ್ನು 2018ರಲ್ಲಿ ವಿಜ್ಞಾನಿಗಳು ಮುಂದಿಟ್ಟರು. ಹಿಮ ನೆಲ ಕಚ್ಚಿತೋ, ನೆಲವೇ ಹಿಮವನ್ನು ಕಚ್ಚಿತೋ?

ಕಚ್ಚು ಬಿಟ್ಟಾಗ

ತೇಲುವ ಹಿಮ ಕರಗಿದರೆ ಅದರಿಂದ ಕಡಲಿನ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ, ನೀರಿನ ಲೋಟದಲ್ಲಿ ತೇಲುವ ಗಡ್ಡೆ ಕರಗಿದಂತೆ. ಹಿಮಹಾಸಿನ ಬೆಲೆ ಇರುವುದು ಅದು ಹಿಂದಿನ ನೆಲದ ಹಿಮವನ್ನು ತಡೆದು ಹಿಡಿಯುವುದರಲ್ಲಿ. ಹಿಮಹಾಸಿಗೆ ಆ ಬಲ ಬರುವುದು ಎರಡು ಪಕ್ಕದ ದಡಗಳಿಂದ ಮತ್ತು ನಡುವೆ ಅಲ್ಲಲ್ಲಿ ಹೊಡೆದ ಮೊಳೆಯಂತಿರುವ ಈ ಗುಮ್ಮಟ, ಸುಕ್ಕುಗಳಿಂದ. 2002ರಲ್ಲಿ ಲಾರ್ಸೆನ್ ಬಿ ಎಂಬ ಹಿಮಹಾಸಿನ ಸುಮಾರು 3,250 ಚದರ ಕಿಲೋಮೀಟರ್ ಕೆಲವೇ ವಾರಗಳಲ್ಲಿ ಪುಡಿಯಾದ ಮೇಲೆ ಅದರ ಹಿಂದಿದ್ದ ಹಿಮನದಿಗಳ ವೇಗ ಹಲವು ಪಟ್ಟು ಏರಿತು. ಇದನ್ನು ಎಲ್ಲರೂ ಓದಿರುತ್ತೀರಿ.

ಮೊಳೆ ಎಂದ ಕೂಡಲೇ ಅದು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎಂದೂ ಇಲ್ಲ. ಗೋಡೆಗೆ ಹೊಡೆದ ಕ್ಯಾಲೆಂಡರ್ ಗಾಳಿಗೆ ಹರಿಯುವುದು ಮೊಳೆಯ ಜಾಗದಲ್ಲೇ. 2017ರ ಜುಲೈನಲ್ಲಿ ಲಾರ್ಸೆನ್ ಸಿ ಹಿಮಹಾಸಿನಿಂದ ಎ-68 ಎಂಬ ಸುಮಾರು 5,800 ಚದರ ಕಿಲೋಮೀಟರ್‌ನ ತುಂಡನ್ನು ಬೇರ್ಪಡಿಸಿದ ಬಿರುಕು ಹೊರಟದ್ದು ಗಿಪ್ಸ್ ಎಂಬ ಗುಮ್ಮಟದ ಕಡೆಯಿಂದ. ಥ್ವೇಟ್ಸ್ ಹಿಮನದಿಯ ಪೂರ್ವದ ಹಿಮಹಾಸನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದ ಕಡಲ ತಳದ ಏಣಿನ ಬಳಿಯೇ ಈಗ ಹಿಮ ಸೀಳುತ್ತಿದೆ. ಹಿಂದಿನಿಂದ ನೂಕು ಹೆಚ್ಚಿದೆ, ಹಿಮ ತೆಳುವಾಗಿದೆ, ಆಸರೆಯೇ ಅಲಗಾಗಿದೆ.

ಈ ಎಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪೈನ್ ಐಲೆಂಡ್ ಹಿಮನದಿಯ ಸಂಗತಿ. 2009ರ ಜನವರಿಯಲ್ಲಿ ಆಟೋಸಬ್ ಎಂಬ ಮನುಷ್ಯರಿಲ್ಲದ ಜಲಾಂತರ್ಗಾಮಿಯನ್ನು ಅದರ ತೇಲುವ ಭಾಗದ ಅಡಿಗೆ ಕಳಿಸಿದರು. ಅಲ್ಲಿ ಕತ್ತಲಲ್ಲಿ ಅಡ್ಡಡ್ಡಲಾಗಿ ಒಂದು ಏಣು ಇತ್ತು. ಹಿಮ ಒಂದು ಕಾಲದಲ್ಲಿ ಅದರ ಮೇಲೆ ಕೂತಿತ್ತು, ಈಗ ನಡುವೆ ನೀರು ಹರಿಯುತ್ತಿದೆ. ಆಮೇಲೆ ಹಿಮಕ್ಕೆ ತೂತು ಕೊರೆದು ತಳದ ಕೆಸರನ್ನು ಎತ್ತಿ ನೋಡಿದವರು, ಏಣಿನ ಹಿಂದೆ ಕಡಲಿನ ನೀರು ನುಗ್ಗಿದ್ದು 1945ರ ಹೊತ್ತಿಗೇ ಎಂದರು. ಆದರೂ ಕಚ್ಚು ಒಮ್ಮೆಲೇ ಬಿಟ್ಟಿರಲಿಲ್ಲ. 1973ರ ಉಪಗ್ರಹ ಚಿತ್ರವೊಂದನ್ನು ಹುಡುಕಿ ತೆಗೆದರೆ ಏಣಿನ ಮೇಲ್ಭಾಗದ ಹಿಮದಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ, ಕೊನೆಯದಾಗಿ ಉಳಿದಿದ್ದ ಹಿಡಿತದ ಗುರುತು. ನಂತರದ ಚಿತ್ರಗಳಲ್ಲಿ ಅದು ಇಲ್ಲ. ನನ್ನ ಸೆರಗಿಗೆ ಆಗದ ಕೆಲಸವನ್ನು ಅಲ್ಲಿ ಕಡಲು ಮಾಡಿ ಮುಗಿಸಿತ್ತು.

ಅನುವಾದದ ಎರಡನೆಯ ಮುದ್ರಣಕ್ಕೆ ಅವಕಾಶ ಬಂದಾಗ ಹೆಸರಿನ ಜೊತೆಗೇ ಬಂದಿರುವ "ದ್ವೀಪ"ವನ್ನು ಬಿಟ್ಟು ಉಳಿದ ಕಡೆಗಳಲ್ಲೆಲ್ಲ "ನೆಲಕಚ್ಚು ಹಿಮ" ಎಂದು ತಿದ್ದಿ ಕಳಿಸಿದೆ. ಓದುಗರು ತಪ್ಪು ತಿಳಿಯುತ್ತಾರೆ ಎಂದು ಕರಡು ತಿದ್ದುವವರು ಅಂಚಿನಲ್ಲಿ ಬರೆದು ವಾಪಸು ಕಳಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಪ್ಯಾಡು ಎರಡು ದಿನ ಕಿಟಕಿಯ ಬಳಿ ಒಣಗಿತು. ಊರಿಗೆ ಹೊರಡುವ ಮೊದಲು ಅಕ್ಕನ ಮಗಳು ರಬ್ಬರಿನ ಗುಮ್ಮಟವನ್ನು ಬ್ಲೇಡಿನಿಂದ ನಡುವೆ ಸೀಳಿಕೊಡಿ ಎಂದು ಹಟ ಹಿಡಿದಳು. ಒಳಗೆ ಕಮಾನು ಇದೆಯೋ ಇಲ್ಲವೋ ನೋಡಬೇಕಿತ್ತು. ಗೋಂದಿನ ಗುಣ ಬೇರೆ, ಮಂಜುಗಡ್ಡೆಯ ಗುಣ ಬೇರೆ ಎಂದು ಹೇಳಿದರೂ ಕೇಳಲಿಲ್ಲ. ಸೀಳಿದೆ. ಗಾಜಿನಂತೆ ಒಣಗಿದ್ದ ಹಳದಿಯ ನಡುವೆ ನೀಲಿ ಪದರಗಳು ಮಟ್ಟಸವಾಗಿ ಮಲಗಿದ್ದವು, ಎಲ್ಲಿಯೂ ಬಾಗಿರಲಿಲ್ಲ. ಅವಳು ಎರಡೂ ತುಂಡುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ನಾವು ಎರಡೇ ದಿನಕ್ಕೆ ಕುಯ್ದುಬಿಟ್ಟೆವು ಚಿಕ್ಕಮ್ಮ" ಎಂದಳು.